ಗುಲಾಬಿಯಕ್ಕನ ಪಾಲಿನ ಪದ

ಸತ್ತ ಭಾಷೆಗಳು ಮರೆತುಹೋಗದಿರಲೆಂದು ಸರ್ಕಾರ ಮನೆಗೊಂದು ಪದ ಹಂಚಿತ್ತು. ಬಂಟ್ವಾಳದಲ್ಲಿ ಬೀಡಿ ಕಟ್ಟುವ ಗುಲಾಬಿಯಕ್ಕನ ಪಾಲಿಗೆ ಬಂದದ್ದು ‘ಒಳ್ಳೆಯ’ ಎಂಬರ್ಥದ ಲ್ಯಾಟಿನ್ ಪದ. ದಿನಾ ಬೆಳಿಗ್ಗೆ ಗೋಡೆಯ ಯಂತ್ರದೆದುರು ನಿಂತು “ಬೊನುಸ್, ಬೊನಾ, ಬೊನುಮ್” ಎಂದು ಅದರ ರೂಪಗಳನ್ನೆಲ್ಲ ಒಪ್ಪಿಸಬೇಕು. ತಪ್ಪಿದರೆ ಆ ವಾರದ ರೇಷನ್ ಇಲ್ಲ.

“ಈ ಪದಕ್ಕೆ ಹುಟ್ಟಿದ ಮಕ್ಕಳು ಪ್ಯಾರಿಸ್ಸಲ್ಲಿ ಬೋಂ, ರೋಮಲ್ಲಿ ಬ್ವೋನೊ ಅಂತ ಮೆರೀತಾ ಇದ್ದಾವಂತೆ. ಅವುಗಳ ಮುದುಕಿ ತಾಯಿಯನ್ನು ಸಾಕ್ಲಿಕ್ಕೆ ಮಾತ್ರ ನಾನಾ?” ತಪಾಸಣೆಗೆ ಬಂದ ಅಧಿಕಾರಿಯ ಮೇಲೆ ಅವಳು ಹರಿಹಾಯ್ದಳು. “ಒಳ್ಳೆಯದಕ್ಕೆ ನಮ್ಮ ತುಳುವಿನಲ್ಲಿರುವ ‘ಎಡ್ಡೆ’ಯನ್ನು ಯಾರ ಮನೆಗೆ ಕೊಟ್ಟಿದ್ದೀರಿ, ಮಾರಾಯ್ರೆ? ನನ್ನ ಮೊಮ್ಮಗಳಿಗೆ ಅದು ಗೊತ್ತೇ ಇಲ್ಲ.”

ಅಧಿಕಾರಿ ಪಟ್ಟಿ ತಿರುವಿದ. “ತುಳು ಇದರಲ್ಲಿಲ್ಲ ಅಕ್ಕ. ಆ ಭಾಷೆ ಸತ್ತ ಮೇಲೆ ಅರ್ಜಿ ಹಾಕಿ.”

ಗುಲಾಬಿಯಕ್ಕ ಯಂತ್ರದತ್ತ ತಿರುಗಿ “ಎಡ್ಡೆ” ಎಂದಳು. ಕೆಂಪು ದೀಪ ಹತ್ತಿತು. ವಾರದ ಅಕ್ಕಿ ಹೋಯಿತು. ಅವಳು ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.