ತಡವಾಗಿ ಸವರಿದ ಬಳ್ಳಿ

ನೆಲಮಾಳಿಗೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಸತೂರಿಯೊ ಕುಳಿತಿದ್ದ. ಸೊಸೆ ಕಸಿಲ್ದಾ ಕೈಯಲ್ಲಿ ಮೋಂಬತ್ತಿ, ಹೆಗಲ ಮೇಲೆ ದ್ರಾಕ್ಷಿರಸ ಕಲಕುವ ಉದ್ದನೆಯ ಕೋಲು ಹಿಡಿದು ಬಂದು ಎದುರಿಗೆ ನಿಂತಳು.

"ಇವತ್ತು ಇಳಿಯೋ ಹಾಗಿಲ್ಲ," ಎಂದ ಮಾವ. "ಬೆಳಿಗ್ಗೆ ನೀನು ಒಗೆದು ಹಾಕಿದ ಬಟ್ಟೆ ನೋಡಿದೀನಿ. ಮುಟ್ಟಾದವಳು ಒಳಗೆ ಕಾಲಿಟ್ರೆ ರಸ ಹುಳಿಯಾಗಿ ಹೋಗತ್ತೆ."

"ನಿನ್ನೆ ಮಧ್ಯಾಹ್ನದಿಂದ ಕಲಕಿಲ್ಲ ಮಾವ. ಸಿಪ್ಪೆ ಮೇಲೆ ಬಂದು ಒಣಗ್ತಿದೆ. ಹಾಗೇ ಬಿಟ್ರೆ ಹುಳಿಯಾಗೋದು ಖಂಡಿತ."

"ನನ್ನ ತಮ್ಮನ ಮಗ ಮೆಲೆಸಿಯೊ ಭಾನುವಾರ ಕಾರ್ಖಾನೆಯಿಂದ ಬರ್ತಾನೆ. ಅವನು ಕಲಕ್ತಾನೆ."

"ಇವತ್ತು ಗುರುವಾರ."

ಸತೂರಿಯೊನ ಮಂಡಿ ಮಡಚುತ್ತಿರಲಿಲ್ಲ. ಊರಿನಲ್ಲಿ ಮೆಟ್ಟಿಲಿಳಿಯಬಲ್ಲ ಬೇರೆ ಗಂಡಸರೇ ಇರಲಿಲ್ಲ. ಹಗಲು ಸುಟ್ಟು ರಾತ್ರಿ ನಡುಗಿಸುವ ದುಯೆರೊ ನದಿಯ ಆ ಎತ್ತರದ ಬಯಲಲ್ಲಿ, ಮೇ ತಿಂಗಳ ಒಂದು ಮುಂಜಾನೆ ಹಿಮ ಬಿದ್ದು ಚಿಗುರೆಲ್ಲ ಕರಕಲಾಗಿತ್ತು. ಕೊಯ್ಲಿಲ್ಲದ ಗಂಡಸರು ಬಿಲ್ಬಾವೊದ ಕಾರ್ಖಾನೆಗಳಿಗೆ ಹೋದರು. ಉಳಿದದ್ದು ಕಸಿಲ್ದಾಳ ಕಪ್ಪು ದ್ರಾಕ್ಷಿಯೊಂದೇ. ಜನವರಿಯಲ್ಲಿ ಊರೆಲ್ಲ ಬಳ್ಳಿ ಸವರುವಾಗ, ಗಂಡನನ್ನು ಮಣ್ಣು ಮಾಡಿ ಬಂದವಳು ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಏಪ್ರಿಲ್‌ನಲ್ಲಿ ಕತ್ತರಿ ಹಿಡಿದು ಹೊರಟಾಗ ಎಲ್ಲರೂ ನಕ್ಕಿದ್ದರು. ತಡವಾಗಿ ಸವರಿದ ಬಳ್ಳಿ ತಡವಾಗಿ ಚಿಗುರಿತು. ಹಿಮ ಬಿದ್ದ ದಿನ ಅದರ ಮೊಗ್ಗುಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ.

"ಹಿಮಕ್ಕೆ ಜಗ್ಗದ ಹಣ್ಣು ನನ್ನ ಬಟ್ಟೆಗೆ ಹೆದರತ್ತಾ ಮಾವ?"

"ನಾಲಿಗೆ ಬಿಗಿ ಹಿಡಿ. ನಿಮ್ಮತ್ತೆ ಒಂದು ದಿನಾನಾದ್ರೂ ಹೀಗೆ ಬಂದು ನಿಂತಿದ್ಲಾ? ಇಳಿಯೋದು ಗಂಡಸರ ಕೆಲಸ."

"ಹೋದ ವರ್ಷ ಇಳಿದೋನು ಗಂಡಸೇ ಅಲ್ವಾ?"

ಹುದುಗುವ ರಸದಿಂದೇಳುವ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ; ಮೋಂಬತ್ತಿ ಆರಿದರೆ ಮುಂದೆ ಹೆಜ್ಜೆಯಿಡಬಾರದು. ಸತೂರಿಯೊನ ಮಗ, ಕಸಿಲ್ದಾಳ ಗಂಡ ಫೆರ್ಮಿನ್ ಅವಸರದಲ್ಲಿ ಮೋಂಬತ್ತಿಯಿಲ್ಲದೆ ಬರಿಗೈಯಲ್ಲಿ ಇಳಿದಿದ್ದ. ಹಗ್ಗ ಕಟ್ಟಿ ಹೆಣ ಮೇಲೆಳೆದದ್ದು ಇದೇ ಬಾಗಿಲಿನಿಂದ.

ಕಸಿಲ್ದಾ ಮೋಂಬತ್ತಿ ಹಚ್ಚಿದಳು. ಕುರ್ಚಿಯನ್ನು ಮಾವನ ಸಮೇತ ಪಕ್ಕಕ್ಕೆ ಸರಿಸಿದಳು. ಪ್ರತಿ ಮೆಟ್ಟಿಲಲ್ಲೂ ನಿಂತು, ಉರಿ ನೋಡಿ, ಇಳಿದಳು. ಸ್ವಲ್ಪ ಹೊತ್ತಿಗೆ ಸಿಪ್ಪೆಯ ಪದರ ಮುರಿಯುವ ಸದ್ದು ಕೇಳಿತು.

"ಹುಳಿಯಾದ್ರೆ ಏನೇ ಮಾಡ್ತೀಯಾ?" ಸತೂರಿಯೊ ಕತ್ತಲೊಳಕ್ಕೆ ಕೂಗಿದ.

"ಅಷ್ಟೂ ನಾನೇ ಕುಡೀತೀನಿ. ಹುಳಿಯಾಗದಿದ್ರೆ, ಪೀಪಾಯಿಗೆ ತುಂಬೋಕೂ ಮುಟ್ಟಾದ ದಿನಾನೇ ನೋಡ್ಕೊಂಡು ಇಳೀತೀನಿ!"