ನೆರೆಮನೆಯ ಬಟ್ಟಲು

ಊರಿನ ಪ್ರತಿ ಒಲೆಯ ಮೇಲೂ ಸರ್ಕಾರ ಒಂದು ಮೂಗು ಕೂರಿಸಿತ್ತು. ಅದಕ್ಕೆ ತುಪ್ಪದ ವಾಸನೆ ಬಡಿದರೆ ಕೆಂಪು ದೀಪ, ಆ ಮನೆಗೆ ರೇಷನ್ ಇಲ್ಲ. ಅಂಬಲಿಯ ಹುಳಿ ವಾಸನೆಗೆ ಹಸಿರು ದೀಪ.

ದೀಪ ನೋಡುವವರು ಬರುವ ದಿನವೇ ಮಹಡಿಮನೆಯ ಗುರುಸಿದ್ದವ್ವ ಬಟ್ಟಲು ತುಂಬ ತುಪ್ಪದ ಹೋಳಿಗೆ ತಂದಾಗ ದ್ಯಾಮವ್ವನಿಗೆ ಅನುಮಾನ ಬಂತು. ಎಂದೂ ಇತ್ತ ತಲೆ ಹಾಕದವಳು ಇವತ್ತೇ ಯಾಕೆ ಬಂದಳು? ನನ್ನ ದೀಪ ಕೆಂಪಾಗಲೆಂದೇ?

ಅವಳು ಬಟ್ಟಲನ್ನು ಒಳಗೆ ಒಯ್ಯಲೇ ಇಲ್ಲ. ಅಂಗಳದಲ್ಲೇ ನಿಂತು ತಿಂದು ಮುಗಿಸಿ, "ಭಾಳ ಚಲೋ ಆಗ್ಯಾವ್ರಿ" ಎಂದಳು.

ಆದರೆ ನೆರೆಯವರ ಬಟ್ಟಲನ್ನು ಬರಿದಾಗಿ ಮರಳಿಸುವ ಪದ್ಧತಿ ಆ ಓಣಿಯಲ್ಲಿರಲಿಲ್ಲ. ತೊಳೆದು, ಇದ್ದ ಅಂಬಲಿಯನ್ನೇ ಹಾಕಿ ಕೊಟ್ಟಳು.

ಗುರುಸಿದ್ದವ್ವ ಮೂಸಿ ನೋಡಿದಳು.

"ಇನ್ನೊಂದೀಟು ಹಾಕವಾ. ನಮ್ಮ ಅಡಗಿಮನಿ ದೊಡ್ಡದೈತಿ, ವಾಸನಿ ಸಾಲೂದಿಲ್ಲ."