ಹನ್ನೆರಡಕ್ಕೆ ಹನ್ನೆರಡು

ಮೇ ಹದಿನಾಲ್ಕು. ಪ್ರಯಾಣಿಕರು ಮೂವತ್ತೆಂಟು, ಕೋಣೆಗಳು ಹತ್ತೊಂಬತ್ತು, ದಂಪತಿಗಳು ಹದಿನೆಂಟು. ಉಳಿದ ಒಂದು ಜೋಡಿ ಸುಳ್ಳು.

ಮುಖ್ಯ ಕಚೇರಿಯ ಸಂದೇಶವನ್ನು ಹಡಗಿನ ಗುಮಾಸ್ತ ಮೂರು ಸಲ ಓದಿದ. ಮೆಡಿಟರೇನಿಯನ್ ಸಮುದ್ರವನ್ನು ಏಳು ದಿನ ಸುತ್ತುವ ಈ ಸಣ್ಣ ಹಡಗಿನಲ್ಲಿ ಗಂಡಹೆಂಡಿರಿಗೆ ಮಾತ್ರ ರಿಯಾಯಿತಿ ದರ. ಉಳಿದವರು ತಲೆಗೆ ಸಾವಿರದ ಇನ್ನೂರು ಯೂರೋ ಹೆಚ್ಚು ತೆರಬೇಕು. ಟಿಕೆಟ್ ಮಾರಿದ ಏಜೆಂಟ್ ಎಲ್ಲೋ ಕುಡಿದು ಬಾಯಿ ಬಿಟ್ಟಿದ್ದನಂತೆ: ಗಂಡಹೆಂಡಿರಲ್ಲದ ಇಬ್ಬರನ್ನು ರಿಯಾಯಿತಿ ದರದಲ್ಲಿ ಹತ್ತಿಸಿದ್ದೇನೆ ಎಂದು. ಯಾರನ್ನು ಎಂಬುದು ಅಮಲು ಇಳಿದ ಮೇಲೆ ಅವನಿಗೆ ನೆನಪಿರಲಿಲ್ಲ. ಕೊನೆಯ ಬಂದರು ಮುಟ್ಟುವುದರೊಳಗೆ ಎರಡು ಸಾವಿರದ ನಾನೂರು ವಸೂಲಾಗದಿದ್ದರೆ ಗುಮಾಸ್ತ ಅಲ್ಲಿಯೇ ಇಳಿದು ಮನೆಗೆ ಹೋಗಬಹುದು, ಮತ್ತೆ ಬರಬೇಕಾಗಿಲ್ಲ. ಉಳಿದಿದ್ದುದು ಎರಡು ದಿನ.

ಪಾಸ್‌ಪೋರ್ಟುಗಳಿಂದ ಪ್ರಯೋಜನವಾಗಲಿಲ್ಲ. ಅರ್ಧಕ್ಕೂ ಹೆಚ್ಚು ಹೆಂಗಸರು ತವರಿನ ಹೆಸರನ್ನೇ ಇಟ್ಟುಕೊಂಡಿದ್ದರು.

ಊಟದ ಕೋಣೆಯಲ್ಲಿ ಇದ್ದುದು ಒಂದೇ ಉದ್ದನೆಯ ಮೇಜು. ಸಣ್ಣ ಹಡಗಿನ ಅನುಕೂಲವೂ ಅದೇ, ಅನನುಕೂಲವೂ ಅದೇ: ಎಲ್ಲರ ಮಾತು ಎಲ್ಲರಿಗೂ ಕೇಳುತ್ತದೆ. ಗುಮಾಸ್ತ ಕಿವಿ ನಿಮಿರಿಸಿ ಕುಳಿತ.

ಎಡತುದಿಯಲ್ಲಿ ನಿವೃತ್ತ ಸರ್ವೆಯರ್. ಅವನ ಜೊತೆಯಾಕೆ ಔಷಧಿ ಅಂಗಡಿಯ ಒಡತಿ.

“ದೊಡ್ಡ ಹಡಗು ನುಗ್ಗದ ಬಂದರಿಗೆಲ್ಲ ಇದು ನುಗ್ಗುತ್ತೆ. ಇಳಿಯೋಕೆ ಸಾಲು ನಿಲ್ಲಬೇಕಾಗಿಲ್ಲ. ಒಪ್ಪಿದೆ,” ಎಂದ ಸರ್ವೆಯರ್. “ಆದರೆ ಕೋಣೆ? ಒಂಬತ್ತಡಿಗೆ ಏಳಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಚಾಚಿದ್ರೆ ಕಾಲು ಬಚ್ಚಲಲ್ಲಿರುತ್ತೆ.”

“ಕಾಲಿನ ಮಾತು ಬಿಡು. ನಿನ್ನ ಗೊರಕೆ ಇನ್ನೂ ಹಾಗೇ ಇದೆ. ಎಂಜಿನ್ ನಿಂತ್ರೂ ನೀನು ನಿಲ್ಲೋದಿಲ್ಲ.”

“ಅಲೆ ಎದ್ದಾಗ ವಾಂತಿ ಮಾಡಿದ್ಯಾರು?”

“ನಿನ್ನ ಮುಖ ನೋಡಿ ಮಾಡಿದ್ದು. ಅಲೆ ಪಾಪ, ಏನೂ ಮಾಡಲಿಲ್ಲ.”

ಬಲತುದಿಯಲ್ಲಿ ದಂತವೈದ್ಯ. ಅವನ ಪಕ್ಕದಲ್ಲಿ ಗ್ರಂಥಪಾಲಕಿ.

“ನೀವು ಮೊದಲು ತಗೊಳ್ಳಿ.”

“ಇಲ್ಲ, ನೀವು.”

ಬ್ರೆಡ್ಡಿನ ಬುಟ್ಟಿ ಇಬ್ಬರ ನಡುವೆ ಮೂರು ಸಲ ಓಡಾಡಿ, ಯಾರೂ ಮುಟ್ಟದೆ ಹಿಂದಿರುಗಿತು.

ಗುಮಾಸ್ತನಿಗೆ ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅವನ ಅನುಮಾನ ಬಲಕ್ಕೆ ತಿರುಗಿತು. ಆದರೆ ಅನುಮಾನ ಪುರಾವೆಯಲ್ಲ. ಮರುದಿನ ಮಧ್ಯಾಹ್ನ ಅವನು ದಂಪತಿಗಳಿಗೊಂದು ಸ್ಪರ್ಧೆ ಏರ್ಪಡಿಸಿದ. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಆರಾರು ಪ್ರಶ್ನೆ. ಜೋಡಿಗೆ ಒಟ್ಟು ಹನ್ನೆರಡು ಅಂಕ. ಗೆದ್ದವರಿಗೆ ಕ್ಯಾಪ್ಟನ್ ಜೊತೆ ಊಟ.

ಹದಿನೇಳು ಜೋಡಿಗಳು ಆರರಿಂದ ಹತ್ತರೊಳಗೆ ನಿಂತವು. ಉಳಿದವು ಎರಡು.

ಔಷಧಿ ಅಂಗಡಿಯವಳು ಸರ್ವೆಯರನ ರಕ್ತದೊತ್ತಡದ ಮಾತ್ರೆಯ ಹೆಸರನ್ನೂ, ಅವನು ಅದನ್ನು ನುಂಗಲು ಮರೆಯುವ ವಾರವನ್ನೂ ಹೇಳಿದಳು. ಅವನ ಸರದಿ ಬಂತು.

“ಎಡಮಗ್ಗುಲಿಗೆ ಮಲಗಿದ್ರೆ ಇವಳಿಗೆ ನಿದ್ದೆ ಬರಲ್ಲ. ಅವಳ ಕತ್ತರಿ ಯಾರೂ ಮುಟ್ಟಬಾರದು. ಅಳೋದು ಬಚ್ಚಲಲ್ಲಿ, ನಲ್ಲಿ ತಿರುಗಿಸಿಕೊಂಡು.”

ಅವಳು ತಲೆ ತಗ್ಗಿಸಿದಳು.

“ನೀರು ದಂಡ,” ಎಂದು ಅವನು ಸೇರಿಸಿದ.

ಹನ್ನೆರಡಕ್ಕೆ ಹನ್ನೆರಡು.

ದಂತವೈದ್ಯನು ಗ್ರಂಥಪಾಲಕಿಯ ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದಿದ್ದ. ಆಕೆ ಸಕ್ಕರೆ ಮುಟ್ಟುತ್ತಿರಲಿಲ್ಲ. ಅವನ ಹುಟ್ಟುಹಬ್ಬದ ತಿಂಗಳನ್ನು ಆಕೆ ಊಹಿಸಿದ್ದಳು, ಊಹೆ ತಪ್ಪಿತ್ತು. ಹನ್ನೆರಡಕ್ಕೆ ಮೂರು.

ಗುಮಾಸ್ತ ಇಬ್ಬರನ್ನೂ ತನ್ನ ಕಚೇರಿಗೆ ಕರೆದು ಬಾಗಿಲು ಹಾಕಿದ.

“ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಗಿದೆ, ಕಣ್ರೀ,” ಎಂದ ದಂತವೈದ್ಯ.

“ಸಾರ್, ಇಪ್ಪತ್ತೆಂಟು ವರ್ಷಕ್ಕೆ ಮೂರು ಅಂಕ. ಅಂದ್ರೆ ಒಂಬತ್ತು ವರ್ಷಕ್ಕೆ ಒಂದು ವಿಷಯವೂ ಗೊತ್ತಾಗಿಲ್ಲ. ಮದುವೆ ಪತ್ರ ಇದೆಯಾ?”

“ವಿಹಾರಕ್ಕೆ ಹೊರಟವರು ಮದುವೆ ಪತ್ರ ತರ್ತಾರಾ?”

“ಮನೆಗೆ ಫೋನ್ ಮಾಡಿ ತರಿಸಿ. ಮಕ್ಕಳನ್ನೇ ಕೇಳೋಣ. ಇಲ್ಲದಿದ್ರೆ ಎರಡು ಸಾವಿರದ ನಾನೂರು ಯೂರೋ ಕಟ್ಟಿ.”

ಗ್ರಂಥಪಾಲಕಿಯ ಮುಖ ಬಿಳಿಚಿತು. ದಂತವೈದ್ಯನ ಕಡೆ ತಿರುಗಿ “ಬೇಡ,” ಎಂದಳು. “ಮೂರು ಅಂಕದ ವಿಷಯ ಮನೆ ತನಕ ಹೋಗೋದು ಬೇಡ. ದಯವಿಟ್ಟು ಕೊಟ್ಟುಬಿಡಿ.”

ತಪ್ಪಿಲ್ಲದವರು ಇಷ್ಟು ಬೇಗ ಹಣ ತೆಗೆಯುವುದಿಲ್ಲವೆಂಬುದು ಗುಮಾಸ್ತನ ಅನುಭವ. ಎರಡು ಸಾವಿರದ ನಾನೂರಕ್ಕೆ ರಸೀದಿ ಬರೆದುಕೊಟ್ಟ. ಮುಖ್ಯ ಕಚೇರಿಗೆ ಸಂದೇಶ ಕಳಿಸಿದ. ಐದೇ ನಿಮಿಷಕ್ಕೆ ಉತ್ತರ ಬಂತು: ಕೆಲಸದಲ್ಲಿ ಮುಂದುವರಿಯಬಹುದು.

ಮೇ ಹದಿನಾರು, ಬೆಳಿಗ್ಗೆ. ಕೊನೆಯ ಬಂದರು. ಮೊದಲು ಇಳಿದವರು ದಂತವೈದ್ಯ ಮತ್ತು ಗ್ರಂಥಪಾಲಕಿ. ಇಳಿಯುವ ಮೆಟ್ಟಿಲ ಮೇಲೆಯೇ ಅವಳ ದನಿ ಏರಿತ್ತು.

“ಸಕ್ಕರೆ ಹಾಕಲ್ಲ ಅನ್ನೋದೂ ಗೊತ್ತಿಲ್ಲ ನಿನಗೆ. ಯಾರ ಜೊತೆ ಚಹಾ ಕುಡೀತಿದ್ದೆ ಇಷ್ಟು ವರ್ಷ?”

“ಪೇಪರ್ ಜೊತೆ. ಅದಾದ್ರೂ ಎದುರು ಮಾತಾಡ್ತಿರಲಿಲ್ಲ.”

ಸಿಕ್ಕಿಬಿದ್ದ ಮೇಲೆ ಕಳ್ಳರು ಪರಸ್ಪರ ಕಚ್ಚಾಡುವುದು ಸಹಜವೆಂದು ಗುಮಾಸ್ತ ತಿಳಿದ. ಅವರ ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು.

ಕೊನೆಯಲ್ಲಿ ಇಳಿದವರು ಸರ್ವೆಯರ್ ಮತ್ತು ಅಂಗಡಿಯವಳು. ಗೆದ್ದ ಜೋಡಿಯ ಪೆಟ್ಟಿಗೆಗಳನ್ನು ಗುಮಾಸ್ತ ತಾನೇ ಹೊತ್ತು ದಡಕ್ಕೆ ತಂದ.

“ಮೂವತ್ತೆಂಟು ಜನರ ಹಡಗಿನ ದೊಡ್ಡ ತೊಂದರೆ ಹೇಳ್ಲಾ?” ಎಂದಳು ಅವಳು. “ಸಿಟ್ಟು ಬಂದ್ರೆ ಎದ್ದು ಹೋಗೋಕೆ ಜಾಗ ಇಲ್ಲ.”

“ದೊಡ್ಡ ಅನುಕೂಲಾನೂ ಅದೇ,” ಎಂದ ಅವನು, ಬೇರೆಲ್ಲೋ ನೋಡುತ್ತ.

ಗುಮಾಸ್ತನಿಗೆ ಮನಸ್ಸು ತುಂಬಿ ಬಂತು. “ಗಂಡಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಸಂಸಾರ ಅಂದ್ರೆ ಏನು ಅಂತ ನಿಮ್ಮಿಬ್ಬರನ್ನ ನೋಡಿ ಕಲೀಬೇಕು, ಸಾರ್.”

ಸರ್ವೆಯರ್ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಅವಳ ಕೈಗಿತ್ತ.

“ಕೋರ್ಟು ಹಾಕಿದ ಜೀವನಾಂಶ, ಏಳನೇ ವರ್ಷದ್ದು, ಕೊನೇ ಕಂತು. ಎಣಿಸ್ಕೋ. ಇಲ್ಲಿಗೆ ನಿನ್ನ ಬಾಕಿ ತೀರಿತು.”